ಕೌದಿಯ ಪದರಗಳಲ್ಲಿ ನಮ್ಮ ಬಟ್ಟೆಯ ಚರಿತ್ರೆ

ಯಲ್ಲದಕೆರೆಯಿರಲಿ, ಹಿರಿಯೂರು ಸೀಮೆಯ ಬೇರೆ ಯಾವುದೇ ಊರಿರಲಿ, ಹಳೇ ಮನೆಗಳ ಅಟ್ಟದ ಮೇಲೆ ಹುಡುಕಿದರೆ ಒಂದು ಕೌದಿ ಸಿಕ್ಕೀತು. ಅದರ ಹೊಲಿಗೆ ಎಲ್ಲಾದರೂ ಬಿಚ್ಚಿದ್ದರೆ ಒಳಗೆ ಇಣುಕಿ ನೋಡಿ. ಮೇಲೊಂದು ಸೀರೆ, ಅದರಡಿ ಇನ್ನೊಂದು, ಅದಕ್ಕೂ ಕೆಳಗೆ ಪಂಚೆ, ಅಂಗಿಯ ತುಂಡು. ಕೌದಿ ಸವೆದರೆ ಯಾರೂ ಎಸೆಯುತ್ತಿರಲಿಲ್ಲ, ಮೇಲೆ ಹೊಸ ಪದರ ಕೂಡಿಸಿ ಹೊಲಿಯುತ್ತಿದ್ದರು. ಹಾಗಾಗಿ ಒಳಕ್ಕೆ ಹೋದಷ್ಟೂ ಹಳೆಯ ಕಾಲ ಸಿಗುತ್ತದೆ. ಒಂದೊಂದೇ ಪದರ ಬಿಡಿಸುತ್ತಾ ಹೋಗೋಣ.

ಒಳಪದರ: ಕೈನೂಲಿನ ಕಾಲ

ನಮ್ಮದು ಮಳೆ ಕಡಿಮೆಯ ಜಿಲ್ಲೆ. ಕುರಿ ಸಾಕಿದವರ ಮನೆಯಲ್ಲಿ ಉಣ್ಣೆ, ಎರೆಹೊಲದಲ್ಲಿ ಹತ್ತಿ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಿರಿಯೂರಿನ ಕಡೆಗೂ ಬಂದಿದ್ದ. ದಾವಣಗೆರೆಯಲ್ಲಿ ಕಂಬಳಿ ನೇಯ್ಗೆಯೇ ದೊಡ್ಡ ಕಸುಬು ಎಂದು ಬರೆದ. ಚಳ್ಳಕೆರೆಯ ಕಂಬಳಿಗೆ ಇವತ್ತಿಗೂ ಹೆಸರಿದೆ.

ಆಗ ಬಟ್ಟೆ ಎಂದರೆ ದುಬಾರಿ ವಸ್ತು. ಕೈಯಲ್ಲಿ ನೂತು, ಮಗ್ಗದಲ್ಲಿ ನೇಯ್ದದ್ದು. ಉಟ್ಟು ಸವೆದ ಸೀರೆ ಕೂಸಿನ ತೊಟ್ಟಿಲಿಗೆ, ಅಲ್ಲಿಂದ ಕೌದಿಗೆ, ಕೊನೆಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಗೆ ಹೋಗುತ್ತಿತ್ತು. ಅದಾದ ಮೇಲೆ ತಿಪ್ಪೆ ಸೇರಿದರೂ ಮಣ್ಣಾಗುತ್ತಿತ್ತು. ‘ಕಸ’ ಎನ್ನಿಸಿಕೊಳ್ಳುವ ಬಟ್ಟೆಯೇ ಇರಲಿಲ್ಲ.

ನಡುಪದರ: ಮಿಲ್ಲಿನ ಬಟ್ಟೆ

1930ರ ದಶಕದಲ್ಲಿ ದಾವಣಗೆರೆಯಲ್ಲಿ ಹತ್ತಿ ಮಿಲ್ಲು ಶುರುವಾಯಿತು. 1997ರವರೆಗೆ ದಾವಣಗೆರೆ ನಮ್ಮ ಚಿತ್ರದುರ್ಗ ಜಿಲ್ಲೆಯದೇ ಊರು. ಒಂದರ ಹಿಂದೆ ಒಂದು ಮಿಲ್ಲು ಬಂದು, ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರು. ಬಟ್ಟೆ ಅಗ್ಗವಾಯಿತು, ಆದರೂ ಹತ್ತಿಯದೇ. ಕೌದಿಯ ನಡುವೆ ಕೈಗೆ ಮೆತ್ತಗೆ ಸಿಗುವ ಪದರ ಇಂಥದ್ದು. ಶತಮಾನ ಮುಗಿಯುವ ಹೊತ್ತಿಗೆ ಆ ಮಿಲ್ಲುಗಳು ಬಾಗಿಲು ಹಾಕಿದವು.

ಮೇಲ್ಪದರ: ಹರಿಯದ ಸೀರೆ

1960–70ರ ದಶಕದಲ್ಲಿ ನೈಲಾನ್, ಟೆರಿಲಿನ್, ಟೆರಿಕಾಟ್ ಬಂದವು. ಇಸ್ತ್ರಿ ಬೇಡ, ಬೇಗ ಒಣಗುತ್ತದೆ, ಹರಿಯುವುದಿಲ್ಲ ಎಂದು ಜನ ಆಸೆಪಟ್ಟು ಕೊಂಡರು. ಹೊಲದಲ್ಲಿ ದುಡಿಯುವ ಹೆಂಗಸಿಗೆ ಅದು ನಿಜಕ್ಕೂ ಅನುಕೂಲವೇ ಆಗಿತ್ತು. 1985ರ ಕೇಂದ್ರದ ಜವಳಿ ನೀತಿ ಈ ಕೃತಕ ನೂಲಿಗೆ ದಾರಿ ಇನ್ನಷ್ಟು ಸಲೀಸು ಮಾಡಿತು. 2005ರ ಜನವರಿ 1ರಂದು ದೇಶ ದೇಶಗಳ ನಡುವಿನ ಬಟ್ಟೆ ಕೋಟಾ ಪದ್ಧತಿ ಮುಗಿಯಿತು. ಅಗ್ಗದ ಉಡುಪು ಪ್ರಪಂಚವೆಲ್ಲಾ ಹರಿಯತೊಡಗಿತು. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಅದನ್ನು ಹೊಲಿಯುವವರು ನಮ್ಮಂಥ ಹಳ್ಳಿಗಳಿಂದ ಹೋದ ಹೆಣ್ಣುಮಕ್ಕಳೇ.

2000ದಲ್ಲಿ ಪ್ರಪಂಚದಲ್ಲಿ ತಯಾರಾದ ನಾರು ಸುಮಾರು 5.8 ಕೋಟಿ ಟನ್. 2022ಕ್ಕೆ ಅದು 11.6 ಕೋಟಿ ಟನ್, ಸರಿಯಾಗಿ ಎರಡರಷ್ಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್, ಅಂದರೆ ಪೆಟ್ರೋಲಿಯಂನಿಂದ ಬರುವ ಪ್ಲಾಸ್ಟಿಕ್ ನೂಲು. ನಾಲ್ಕು ಸಲ ಹಾಕಿ ಬಿಸಾಡುವ ಈ ಚಾಳಿಗೇ ‘ಫಾಸ್ಟ್ ಫ್ಯಾಶನ್’ ಎಂಬ ಹೆಸರು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ 9.2 ಕೋಟಿ ಟನ್ ಬಟ್ಟೆ ಕಸವಾಗುತ್ತಿದೆ.

ಚಿಂದಿ ಕಲೆಯಾದಾಗ

ಈ ಗುಡ್ಡೆಯನ್ನು ಮೊದಲೇ ಕಂಡವರಲ್ಲಿ ಕಲಾವಿದರೂ ಇದ್ದರು. ಇಟಲಿಯ ಮಿಕೆಲಾಂಜೆಲೊ ಪಿಸ್ತೊಲೆತ್ತೊ 1967ರಲ್ಲಿ ಒಂದು ಕೃತಿ ಮಾಡಿದರು: ಸೌಂದರ್ಯ ದೇವತೆ ವೀನಸ್‌ಳ ವಿಗ್ರಹ, ಅದರ ಮುಖದೆದುರು ಹಳೇ ಬಟ್ಟೆಯ ದೊಡ್ಡ ರಾಶಿ. ‘ಫಾಸ್ಟ್ ಫ್ಯಾಶನ್’ ಎಂಬ ಮಾತು ಆಗಿನ್ನೂ ಹುಟ್ಟಿರಲಿಲ್ಲ. ಇವತ್ತು ಆ ಕೃತಿಯನ್ನು ನೋಡಿದರೆ ನಮ್ಮ ಕಾಲದ್ದೇ ಅನ್ನಿಸುತ್ತದೆ.

ನಮ್ಮ ನಾಡಿನಲ್ಲೇ ಇದಕ್ಕೊಂದು ಉತ್ತರವಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿ ಹೆಂಗಸರು ಹಳೇ ಬಟ್ಟೆಯಿಂದ ‘ಕವಂದಿ’ ಹೊಲಿಯುತ್ತಾರೆ. ಇವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬಂದು ಹೊಲಿಗೆ ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಹೂವು ಇಡಬೇಕು. ಹೂವಿಲ್ಲದ ಕವಂದಿ ಬೆತ್ತಲೆ ಎಂದು ಅವರ ನಂಬಿಕೆ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಇವನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನಲ್ಲಿ ಈ ಕವಂದಿಗಳ ಪ್ರದರ್ಶನವೇ ನಡೆಯಿತು. ಕೂಸು ಮಲಗಿಸಲು ಹೊಲಿದದ್ದು ಗೋಡೆಯ ಮೇಲೇರಿತು.

ರಂಗನಿರ್ದೇಶಕ ಪ್ರಸನ್ನ ಹಿಡಿದದ್ದು ಇನ್ನೊಂದು ದಾರಿ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ಶುರುವಾದ ‘ಚರಕ’ದಲ್ಲಿ ಹಳ್ಳಿಯ ಹೆಂಗಸರು ಕೈಮಗ್ಗದ ಬಟ್ಟೆ ತಯಾರಿಸುತ್ತಾರೆ. ಅಡಿಕೆ ಚೊಗರಿನಿಂದ ಬಣ್ಣ ಹಾಕುತ್ತಾರೆ. ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಬೇಡವೆಂದು 2017ರಲ್ಲಿ ಪ್ರಸನ್ನ ಸತ್ಯಾಗ್ರಹವನ್ನೂ ಮಾಡಿದರು.

ಕೆರೆಯ ಲೆಕ್ಕ

ಒಂದು ಹತ್ತಿ ಟೀ ಶರ್ಟಿಗೆ, ಬೆಳೆಯಿಂದ ಹೊಲಿಗೆವರೆಗೆ, ಸುಮಾರು 2,700 ಲೀಟರ್ ನೀರು ಬೇಕೆಂದು ಅಂದಾಜಿದೆ. ಹದಿನೈದು ಲೀಟರಿನ ಕೊಡದಲ್ಲಿ 180 ಕೊಡ. ಊರಿನ ಹೆಸರಲ್ಲೇ ಕೆರೆ ಇಟ್ಟುಕೊಂಡು ಬೋರ್‌ವೆಲ್ ಬತ್ತಿದ್ದನ್ನು ಕಂಡ ನಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಹತ್ತಿಯದು ಈ ತೊಂದರೆಯಾದರೆ ಪಾಲಿಯೆಸ್ಟರಿನದು ಬೇರೆ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರು ಸೇರುತ್ತವೆ. ತಿಪ್ಪೆಗೆ ಹಾಕಿದರೆ ಕೊಳೆಯುವುದಿಲ್ಲ, ಬೆಂಕಿ ಹಚ್ಚಿದರೆ ಕರಗಿ ಕೆಟ್ಟ ಹೊಗೆ ಬಿಡುತ್ತದೆ. ಬರೀ ಪಾಲಿಯೆಸ್ಟರ್ ಸೀರೆಯಿಂದ ಹೊಲಿದ ಕೌದಿ ಬೆವರು ಹೀರುವುದಿಲ್ಲ, ಕಿಡಿ ಬಿದ್ದರೆ ಮೈಗೆ ಅಂಟುತ್ತದೆ.

ಕೌದಿ ಹೊಲಿದರೆ ಜಗತ್ತಿನ ಬಟ್ಟೆಕಸ ಕರಗಿಬಿಡುತ್ತದೆ ಎಂದು ನಾವು ಹೇಳುತ್ತಿಲ್ಲ. ಇಷ್ಟೊಂದು ತಯಾರಿಸುವ ಕಂಪನಿಗಳೇ ಅದಕ್ಕೆ ಜವಾಬು ಕೊಡಬೇಕು. ಆದರೆ ಬಟ್ಟೆಯ ಕೊನೆಯವರೆಗೂ ಅದರ ಜೊತೆ ಬಾಳುವ ವಿದ್ಯೆ ನಮ್ಮಲ್ಲಿತ್ತು, ಅದು ಕೈತಪ್ಪುತ್ತಿದೆ. ಈ ಸಲ ಹಳೇ ಬಟ್ಟೆ ಹೊರಹಾಕುವಾಗ ಹತ್ತಿಯದನ್ನು ಬೇರೆ ಎತ್ತಿಡಿ. ದಬ್ಬಣ ಹಿಡಿಯಬಲ್ಲ ಅಜ್ಜಿಯೊಬ್ಬರು ನಿಮ್ಮ ಓಣಿಯಲ್ಲಿದ್ದರೆ ಪಕ್ಕದಲ್ಲಿ ಕೂತು ನಾಲ್ಕು ಸಾಲು ಹೊಲಿಗೆ ಕಲಿಯಿರಿ. ಯಾವ ಪದರ ಯಾರ ಸೀರೆ ಎಂದು ಕೇಳಿ ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ.