ಮೊಲ ಸೋತಿತು, ನಾಯಿ ಜಗ್ಗಲಿಲ್ಲ

ರಕ್ತದ ಕೊಬ್ಬಿಗೂ ಹೃದ್ರೋಗಕ್ಕೂ ನಂಟು ಕಲ್ಪಿಸಿದ ಕೀರ್ತಿ ಮೊಲದ್ದು. ಆ ನಂಟನ್ನು ವಿಜ್ಞಾನಿಗಳು ಬಹುಕಾಲ ನಂಬದಂತೆ ಮಾಡಿದ್ದರಲ್ಲಿ ನಾಯಿಯ ಪಾಲೂ ಉಂಟು.

1913ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೋವ್ ಮತ್ತು ಸೆಮ್ಯೋನ್ ಖಲಾತೋವ್ ಎಂಬ ತರುಣ ಸಂಶೋಧಕರು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟರಾಲನ್ನು ಮೊಲಗಳಿಗೆ ತಿನ್ನಿಸಿದರು. ಮೊಲಗಳ ರಕ್ತನಾಳದ ಗೋಡೆಗಳಲ್ಲಿ ಕೊಬ್ಬು ಮೆತ್ತಿಕೊಂಡಿತು. ಇದೇ ಪ್ರಯೋಗವನ್ನು ನಾಯಿಯ ಮೇಲೆ ಮಾಡಿದವರಿಗೆ ಮಾತ್ರ ಬರಿಗೈ. ಹುಲ್ಲು ತಿನ್ನುವ ಪ್ರಾಣಿಗೆ ಕೊಬ್ಬು ಉಣಿಸಿದರೆ ಕಾಯಿಲೆ ಬಾರದೆ ಇನ್ನೇನು ಎಂದು ಟೀಕಾಕಾರರು ಕೊಂಕು ನುಡಿದರು. ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ.

ಗಂಟು ಬಿಚ್ಚಿದ್ದು 1946ರಲ್ಲಿ. ಅಮೆರಿಕದ ಸ್ಟೈನರ್ ಮತ್ತು ಕೆಂಡಾಲ್ ನಾಯಿಗಳಿಗೆ ಕೊಲೆಸ್ಟರಾಲ್ ಜತೆಗೆ ಥೈರಾಯ್ಡ್ ಗ್ರಂಥಿಯ ಕೆಲಸವನ್ನು ತಗ್ಗಿಸುವ ಥಯೋಯುರಾಸಿಲ್ ಔಷಧವನ್ನೂ ಕೊಟ್ಟರು. ಆಗ ನಾಯಿಯ ರಕ್ತನಾಳಗಳೂ ಕೆಟ್ಟವು. ಅಂದರೆ ನಾಯಿಗೆ ಕಾವಲಿದ್ದುದು ಅದರ ಮಾಂಸಾಹಾರವಲ್ಲ, ಕೊಲೆಸ್ಟರಾಲನ್ನು ಪಿತ್ತರಸದ ಆಮ್ಲವಾಗಿ ಬದಲಿಸಿ ಹೊರಹಾಕುವ ದೇಹದ ಚುರುಕು. ಜತೆಗೆ, ನಾಯಿಯ ರಕ್ತದ ಕೊಲೆಸ್ಟರಾಲಿನಲ್ಲಿ ಹೆಚ್ಚಿನ ಪಾಲು ನಾವು 'ಒಳ್ಳೆಯದು' ಎನ್ನುವ ಬಗೆಯದು. ಥೈರಾಯ್ಡ್ ಸೊರಗಿದ ನಾಯಿಗಳಲ್ಲಿ ಕೊಲೆಸ್ಟರಾಲ್ ಏರುವುದನ್ನು ಪಶುವೈದ್ಯರು ಇಂದಿಗೂ ಕಾಣುತ್ತಾರೆ.

ಹಾಗೆಂದು ನಾಯಿ ಏನು ತಿಂದರೂ ಅರಗಿಸಿಕೊಳ್ಳುತ್ತದೆ ಎಂದುಕೊಂಡರೆ ಕೆಟ್ಟಿತು. ಅದರ ದುರ್ಬಲ ಜಾಗ ಹೃದಯವಲ್ಲ, ಮೇದೋಜೀರಕ ಗ್ರಂಥಿ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಬಗೆಯ ಕೊಬ್ಬು ವಿಪರೀತ ಏರಿದಾಗ ಗ್ರಂಥಿಯ ಕಿಣ್ವಗಳು ಅಲ್ಲಿಯೇ ಅದನ್ನು ಒಡೆಯುತ್ತವೆ. ಹೊರಬಿದ್ದ ಕೊಬ್ಬಿನಾಮ್ಲಗಳು ಗ್ರಂಥಿಯನ್ನೇ ಸುಡುತ್ತವೆ ಎಂಬುದು ವೈದ್ಯರ ವಿವರಣೆ. ಉರಿಯೂತ ಜೋರಾದರೆ ಪ್ರಾಣಕ್ಕೇ ಸಂಚಕಾರ. ಜರ್ಮನಿ ಮೂಲದ ಪುಟ್ಟ ಗಡ್ಡದ ನಾಯಿ ಮಿನಿಯೇಚರ್ ಶ್ನೌಜರ್ ತಳಿಗೆ ಈ ಕೊಬ್ಬಿನ ಕಾಟ ವಂಶಪಾರಂಪರ್ಯವಾಗಿ ಬಂದದ್ದು. ನೋಡಲು ಗಟ್ಟಿಮುಟ್ಟಾಗಿರುವ ನಾಯಿಯ ರಕ್ತವನ್ನು ಸೀಸೆಯಲ್ಲಿಟ್ಟರೆ ಮೇಲಿನ ತಿಳಿ ಹಾಲಿನಂತೆ ಬೆಳ್ಳಗಿರುವುದುಂಟು.

ಇಂಥ ನಾಯಿಗೆ ಪಶುವೈದ್ಯರು ಮೊದಲು ಬರೆದುಕೊಡುವುದು ಮಾತ್ರೆಯಲ್ಲ, ಕೊಬ್ಬು ಕಡಿಮೆಯಿರುವ ಊಟ. ಅದರಿಂದ ಇಳಿಯದಿದ್ದರೆ ಮೀನೆಣ್ಣೆ, ಔಷಧ. ಹಬ್ಬದ ಮರುದಿನ ಉಳಿದ ಬಾಡೂಟದ ಜಿಡ್ಡು, ಕರಿದ ತಿಂಡಿಯನ್ನು ಪ್ರೀತಿಯಿಂದ ನಾಯಿಯ ತಟ್ಟೆಗೆ ಸುರಿಯುವ ಮನೆಗಳಲ್ಲಿ, ಎರಡೇ ದಿನದಲ್ಲಿ ಅದು ವಾಂತಿ ಮಾಡಿಕೊಂಡು, ಮುಂಗಾಲು ಚಾಚಿ ಹಿಂಭಾಗ ಎತ್ತಿ ನರಳತೊಡಗಿದರೆ, ಅದನ್ನು ಬರಿಯ ಅಜೀರ್ಣವೆಂದು ಬಿಡದೆ ಆಸ್ಪತ್ರೆಗೆ ಒಯ್ಯಬೇಕು.