ಗಜದ ಮೇಲಿನ ಗೆರೆ

ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಹೊತ್ತಿನ ಊಟ ಕೆಡುತ್ತದೆ. ಕೋವಿಗೆ ಅಳತೆ ತಪ್ಪಿದರೆ ಕೈಯೋ ಕಣ್ಣೋ ಹೋಗುತ್ತದೆ. ಆದರೂ ಕೋವಿಯ ಚರಿತ್ರೆ ಬರೆದವರು ಯುದ್ಧ, ರಾಜ, ಹುಲಿ ಎಂದು ಪುಟ ತುಂಬಿಸಿದರೇ ಹೊರತು ಈ ಅಳತೆಯ ಮಾತಿಗೆ ಒಂದು ಮೂಲೆಯನ್ನಷ್ಟೇ ಕೊಟ್ಟರು.

ನನ್ನ ತವರು ಮಲೆನಾಡು. ಹಂದಿ, ಮಂಗಗಳ ಕಾಟಕ್ಕೆಂದು ಅಜ್ಜನ ಬಳಿ ಲೈಸೆನ್ಸಿನ ಕೇಪಿನ ಕೋವಿ ಇತ್ತು. ಅದನ್ನು ತುಂಬುವುದೆಂದರೆ ಒಂದು ಅಡುಗೆಯೇ. ಮೊದಲು ಅಳೆದ ಮಸಿ, ಅದರ ಮೇಲೆ ಕತ್ತದ ಉಂಡೆ, ಆಮೇಲೆ ಗುಂಡು ಇಲ್ಲವೇ ಚರೆ, ಮತ್ತೆ ಕತ್ತ. ಎಲ್ಲವನ್ನೂ ನಳಿಗೆಯ ಬಾಯಿಂದ ಹಾಕಿ ಗಜವೆಂಬ ಉದ್ದನೆಯ ಸರಳಿನಿಂದ ಜಡಿಯಬೇಕು. ಆ ಗಜದ ಮೇಲೆ ಎರಡು ಗೆರೆಗಳಿದ್ದವು. ಬರಿಯ ಕೋವಿಗೆ ಇಳಿಬಿಟ್ಟರೆ ಮೇಲಿನ ಗೆರೆ ಬಾಯಿಗೆ ಸಮನಾಗಿ ನಿಲ್ಲುತ್ತಿತ್ತು. ಈಡು ಇದ್ದರೆ ಕೆಳಗಿನದು. ಅದಕ್ಕಿಂತಲೂ ಎತ್ತರಕ್ಕೆ ಗಜ ನಿಂತರೆ ಎರಡು ಸಲ ತುಂಬಿದೆ, ಇಲ್ಲವೇ ಗುಂಡು ಮಸಿಯ ಮೇಲೆ ಕೂರದೆ ನಡುದಾರಿಯಲ್ಲೇ ನಿಂತಿದೆ ಎಂದರ್ಥ. ಹಾಗೆ ನಡುವೆ ಜಾಗ ಉಳಿದ ಕೋವಿಯನ್ನು ಹಾರಿಸಿದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು.

ಅಜ್ಜಿ ಒಮ್ಮೆಯೂ ಕೋವಿ ಹಾರಿಸಿದವಳಲ್ಲ. ಆದರೆ ತೋಟದಿಂದ ಬಂದ ಅಜ್ಜ ಗಜ ಇಳಿಸಿ ಮೇಲಿನ ಗೆರೆ ತೋರಿಸುವ ತನಕ ಆ ಕೋವಿಗೆ ಹೊಸಿಲೊಳಗೆ ಪ್ರವೇಶವಿರಲಿಲ್ಲ. ಮನೆ ತುಂಬ ಮಕ್ಕಳಿದ್ದೆವು. ಅಜ್ಜನಿಗೆ ಬೇಟೆ ಮುಖ್ಯ, ಅವಳಿಗೆ ಆ ಗೆರೆ ಮುಖ್ಯ.

ಈ ಅಳತೆಯನ್ನು ಮನುಷ್ಯನ ಕೈಯಿಂದ ತಪ್ಪಿಸಬೇಕೆಂದು ಬಹಳ ಕಾಲದಿಂದ ಪ್ರಯತ್ನ ನಡೆಯಿತು. ರಣರಂಗದಲ್ಲಿ ಮಸಿ ಅಳೆಯಲು ಪುರುಸೊತ್ತೆಲ್ಲಿ? ಒಂದು ಈಡಿಗಾಗುವಷ್ಟು ಮಸಿ ಮತ್ತು ಗುಂಡನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಟ್ಟರು. ಸಿಪಾಯಿ ಅದನ್ನು ಹಲ್ಲಿನಿಂದ ಹರಿದು ನಳಿಗೆಗೆ ಸುರಿಯಬೇಕಿತ್ತು. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನ ಪೊಟ್ಟಣಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ 1857ರ ದಂಗೆಗೆ ಕಿಡಿಯಾದದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮುಂದೆ ಹಿತ್ತಾಳೆಯ ತೋಟೆ ಬಂತು. ಪುಣೆಯ ಹತ್ತಿರ ಖಡ್ಕಿಯಲ್ಲಿ 1869ರಲ್ಲಿ ಮದ್ದುಗುಂಡಿನ ಕಾರ್ಖಾನೆಯೂ ಆಯಿತು. ಅಜ್ಜಿಯ ಗೆರೆ ಕಾರ್ಖಾನೆ ಸೇರಿತು.

ಸೇರಿತೇ ಹೊರತು ಇಲ್ಲವಾಗಲಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಅಳತೆ ಇನ್ನೂ ಸೂಕ್ಷ್ಮವಾಯಿತು. ಗುಂಡನ್ನು ತೋಟೆಯೊಳಗೆ ತುಸು ಹೆಚ್ಚು ಆಳಕ್ಕೆ ಒತ್ತಿದರೆ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಹೊರಗೆ ಹೆಚ್ಚು ಚಾಚಿ ನಳಿಗೆಯ ತಿರುಪುಗೆರೆಗಳಿಗೆ ತಾಗಿದರೂ ಏರುತ್ತದೆ. ಕುಕ್ಕರಿನಲ್ಲಿ ಅಕ್ಕಿ ಬೇಳೆ ಕುತ್ತಿಗೆಯವರೆಗೆ ತುಂಬಬಾರದೆಂದು ನಾವು ಹೇಳುವುದಿಲ್ಲವೇ, ಸುಮಾರು ಹಾಗೆಯೇ. ಅಮೆರಿಕದಲ್ಲಿ ರೈಫಲ್ಲಿನ ತೋಟೆಗಳನ್ನು ತಾವೇ ತುಂಬಿಕೊಳ್ಳುವ ಹವ್ಯಾಸಿಗಳು ಇಂಚಿನ ಸಾವಿರದೊಂದು ಪಾಲಿನ ಲೆಕ್ಕದಲ್ಲಿ ಈ ಆಳ ಅಳೆಯುತ್ತಾರೆ. ಅದಕ್ಕೊಂದು ಹಳೆಯ ವಿಧಾನ, ನಳಿಗೆಯೊಳಗೆ ಸರಳು ಇಳಿಬಿಟ್ಟು ಎರಡು ಗುರುತು ಹಾಕಿ ನಡುವಿನ ಅಂತರ ನೋಡುವುದು. ಅಜ್ಜಿ ಕೇಳಿದ್ದರೆ ನಗುತ್ತಿದ್ದಳು! ನಮ್ಮಲ್ಲಿ 1959ರ ಶಸ್ತ್ರ ಕಾಯಿದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕು.

ನಮ್ಮ ನಾಡಿನಲ್ಲಿ ಕೋವಿಯನ್ನು ಮನೆಯವರಲ್ಲೊಬ್ಬರಂತೆ ಕಂಡವರು ಕೊಡವರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಣೆಯಾಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಹೆಂಗಸರೂ ತೆಂಗಿನಕಾಯಿಗೆ ಗುರಿಯಿಡುತ್ತಾರೆ.

ನಾನೀಗ ಇರುವ ಗೊಟ್ಟಿಗೆರೆಯಿಂದ ಬನ್ನೇರುಘಟ್ಟದ ಕಾಡು ದೂರವೇನಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಬೆಂಗಳೂರಿನ ಹೆಸರಾಂತ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ 1974ರಲ್ಲಿ ತೀರಿಕೊಂಡರು. ಈಗ ಆನೆಯ ಸುದ್ದಿ ಬಂದರೆ ನಮ್ಮ ಬೀದಿಯವರು ಎತ್ತಿಕೊಳ್ಳುವುದು ಮೊಬೈಲನ್ನು.

ಆದರೆ ಹಳೆಯ ಮನೆಗಳ ಅಟ್ಟ ಬರಿದಾಗಿಲ್ಲ. ತುಂಬಿಟ್ಟವರು ಹೋಗಿ ಎರಡು ತಲೆಮಾರಾದರೂ ಒಳಗಿನ ಈಡು ಹಾಗೆಯೇ ಉಳಿದಿರಬಹುದು. ಹಳೆಯ ಮಸಿಗೆ ಮುಪ್ಪು ಬರುತ್ತದೆಂದು ನಂಬಬೇಡಿ. ತವರಿನಲ್ಲೋ ಅತ್ತೆಮನೆಯಲ್ಲೋ ಅಂಥ ಕೋವಿ ಕಂಡರೆ, ಅದು ಬರಿದೆಂದು ಭಾವಿಸಿ ಮಕ್ಕಳ ಕೈಗೆ ಕೊಡಬೇಡಿ, ನೀವೂ ಕೆದಕಬೇಡಿ. ಪೊಲೀಸ್ ಠಾಣೆಗೆ ತಿಳಿಸಿ. ವಾರಸುದಾರರಿಗೆ ಲೈಸೆನ್ಸ್ ಇಲ್ಲದಿದ್ದರೆ ಕಾನೂನು ಹೇಳುವುದೂ ಅದನ್ನು ಅಲ್ಲಿ ಒಪ್ಪಿಸಿ ಎಂದೇ. ಬಲ್ಲವರು ಗಜ ಇಳಿಸಿ ನೋಡಲಿ. ಗೆರೆ ಕಾಣುವವರೆಗೆ ಅದು ತುಂಬಿದ ಕೋವಿಯೇ.