ಪ್ರತಿಷ್ಠಾಪನೆ ಅಂದ್ರೆ ಯಾರನ್ನ ಎಲ್ಲಿ ನಿಲ್ಲಿಸೋದು?

ಅರಸೀಕೆರೆ ಹತ್ತಿರದ ನಮ್ಮ ಕೇರಿಯಲ್ಲಿ ಬಾಬಾಸಾಹೇಬರ ಪ್ರತಿಮೆ ನಿಲ್ಲಿಸ್ತಿದೀವಿ. ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡೋ ಹೊತ್ತಿಗೆ ಒಂದು ಪದಕ್ಕೆ ಜಗಳ ಬಂತು. ಹುಡುಗರು 'ಪ್ರತಿಮೆ ಪ್ರತಿಷ್ಠಾಪನೆ' ಅಂತ ಬರೆದಿದ್ರು. ನಾನು 'ಅನಾವರಣ' ಅಂತ ತಿದ್ದಿದೆ. "ಯಾಕಣ್ಣ, ಅವರ ದೇವರಿಗಾದ್ರೆ ಪ್ರತಿಷ್ಠಾಪನೆ, ನಮ್ಮಪ್ಪನಿಗೆ ಬರೀ ಪರದೆ ಎಳೆಯೋದಾ?" ಅಂತ ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಅಲ್ಲಿ ಸರಿಯಾಗಿ ಉತ್ತರ ಕೊಡೋಕಾಗಲಿಲ್ಲ. ಅದಕ್ಕೆ ಇಲ್ಲಿ ಬರೀತಿದೀನಿ.

ಪ್ರತಿಷ್ಠೆ ಅನ್ನೋ ಪದದೊಳಗೆ ಇರೋದು 'ಸ್ಥಾ' ಅನ್ನೋ ಸಂಸ್ಕೃತ ಧಾತು. ಸ್ಥಾ ಅಂದ್ರೆ ನಿಲ್ಲು. ಪ್ರತಿಷ್ಠಾಪನೆ ಅಂದ್ರೆ ಗಟ್ಟಿಯಾಗಿ ನಿಲ್ಲಿಸೋದು, ಅಷ್ಟೇ. ಆದ್ರೆ ಕನ್ನಡದಲ್ಲಿ ಅದೇ ಪ್ರತಿಷ್ಠೆಗೆ ದೊಡ್ಡಸ್ತಿಕೆ ಅನ್ನೋ ಅರ್ಥವೂ ಇದೆ. 'ಊರಿನ ಪ್ರತಿಷ್ಠೆ', 'ಮನೆತನದ ಪ್ರತಿಷ್ಠೆ' ಅಂತೀವಲ್ಲ, ಅದು. ಈ ಎರಡೂ ಹೇಗೆ ಒಂದಾದವು ಅಂತ ನೋಡ್ಬೇಕಾದ್ರೆ ಅರಸೀಕೆರೆಯಲ್ಲಿ ಬಸ್ ಹತ್ತಿ, ಜಾವಗಲ್ ದಾಟಿ ಹಳೇಬೀಡಿಗೆ ಹೋಗಿ.

ಅಲ್ಲಿ ಎರಡು ಗರ್ಭಗುಡಿ, ಎರಡು ಲಿಂಗ. ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ರಾಜನ ಹೆಸರಲ್ಲಿ ಒಂದು ದೇವರು, ರಾಣಿ ಹೆಸರಲ್ಲಿ ಇನ್ನೊಂದು! ಬೇಲೂರಲ್ಲೂ ಅಷ್ಟೇ. ತಲಕಾಡಿನಲ್ಲಿ ಚೋಳರನ್ನ ಸೋಲಿಸಿದ ವಿಷ್ಣುವರ್ಧನ 1117ರಲ್ಲಿ ನಿಲ್ಲಿಸಿದ ದೇವರಿಗೆ ಶಾಸನದಲ್ಲಿರೋ ಹೆಸರು ವಿಜಯನಾರಾಯಣ. ದೇವರು ನಿಂತ, ಜೊತೆಗೆ ನಿಲ್ಲಿಸಿದವನ ಗೆಲುವೂ ನಿಂತಿತು. ಶಿಲ್ಪಿಗಳಾದ್ರೂ ತಮ್ಮ ಹೆಸರು ಕೆತ್ತಿಟ್ಟು ಹೋದ್ರು: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಂಡೆ ಎಳೆದವರು, ಮಣ್ಣು ಹೊತ್ತವರು? ಅವರ ಹೆಸರು ಯಾವ ಕಂಬದ ಮೇಲೂ ಇಲ್ಲ. ನಮ್ಮೂರೇ ನೋಡಿ, ಅರಸಿಯ ಕೆರೆ. ಅಗೆದವರ ಕೆರೆ ಅಲ್ಲ.

ಬೇಲೂರಿನ ಇನ್ನೊಂದು ಕಥೆಯನ್ನ ಬಿ.ಎಲ್. ರೈಸ್ 19ನೇ ಶತಮಾನದಲ್ಲೇ ಮೈಸೂರು ಗ್ಯಾಸೆಟಿಯರ್‌ನಲ್ಲಿ ಬರೆದಿಟ್ಟಿದ್ದಾರೆ. ಚೆನ್ನಕೇಶವ ಬಾಬಾಬುಡನ್‌ಗಿರಿಯಲ್ಲಿರೋ ದೇವಿಯನ್ನ ನೋಡೋಕೆ ಮೆಟ್ಟು ಹಾಕ್ಕೊಂಡು ಹೋಗ್ತಾನಂತೆ. ಮೆಟ್ಟು ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಮಾದಿಗರ ಕನಸಲ್ಲಿ ಬಂದು ಹೇಳ್ತಾನಂತೆ. ಅವರು ಹೊಸ ಮೆಟ್ಟು ಹೊಲಿದು ತರಬೇಕು. ಅದನ್ನ ಒಪ್ಪಿಸೋಕೆ ಅವರಿಗೆ ಅಂಗಳದವರೆಗೆ ಪ್ರವೇಶ.

ಅಂಗಳದವರೆಗೆ! ಅವರು ಹೊಲಿದ ಚರ್ಮ ದೇವರ ಪಾದ ಸೇರುತ್ತೆ, ಪೂಜ್ಯ ಆಗುತ್ತೆ. ಹೊಲಿದ ಕೈ ಮಾತ್ರ ಅಂಗಳದಲ್ಲೇ ನಿಲ್ಲುತ್ತೆ. ಇದನ್ನ ಕೆಲವರು ಸಾಮರಸ್ಯಕ್ಕೆ ಉದಾಹರಣೆ ಅಂತ ಹೇಳ್ತಾರೆ. ನನಗೆ ಕಾಣೋದು ಒಂದು ಗೆರೆ. ಚರ್ಮ ಮೈಲಿಗೆ ಆಗಿದ್ರೆ ಒಳಗೆ ಹೋಗ್ತಿರಲಿಲ್ಲ. ಹಾಗಾದ್ರೆ ಮೈಲಿಗೆ ಇದ್ದದ್ದು ವಸ್ತುವಿನಲ್ಲಲ್ಲ, ಯಾರು ಎಲ್ಲಿ ನಿಲ್ಲಬೇಕು ಅನ್ನೋ ಕಟ್ಟಳೆಯಲ್ಲಿ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಮ್ಮಜ್ಜಿ ಚಿಕ್ಕವಳಿದ್ದಾಗ ಊರ ಗುಡಿ ಕಟ್ಟೋಕೆ ಕಲ್ಲು, ಮರಳು ಹೊತ್ತವಳು. ಗರ್ಭಗುಡಿ ಜಾಗದಲ್ಲೇ ಬುಟ್ಟಿ ಇಳಿಸಿದವಳು. ಪ್ರತಿಷ್ಠಾಪನೆ ದಿನ ಅವಳನ್ನ ಗರುಡಗಂಬದ ಆಚೆ ನಿಲ್ಲಿಸಿದ್ರು. "ನಿನ್ನೆ ತನಕ ನಾನು ತುಳಿದ ನೆಲ ಕಣಪ್ಪ, ಒಂದೇ ರಾತ್ರೀಲಿ ಅವರದಾಯ್ತು" ಅಂತ ಈಗಲೂ ಹೇಳ್ತಾಳೆ. ಪ್ರತಿಷ್ಠಾಪನೆಗೆ ಇದಕ್ಕಿಂತ ಸರಿಯಾದ ಅರ್ಥ ನನಗೆ ಯಾವ ನಿಘಂಟಲ್ಲೂ ಸಿಕ್ಕಿಲ್ಲ.

ಗೆರೆ ದಾಟಿದ್ರೆ ಏನಾಗುತ್ತೆ? 'ಶುದ್ಧಿ' ಅನ್ನೋ ಇನ್ನೊಂದು ಪದ ಬರುತ್ತೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆ ನೀರು ಕುಡಿದ ಮೇಲೆ ಅಲ್ಲಿನ ಸವರ್ಣೀಯರು 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಕಲಸಿ ಕೆರೆಯನ್ನ 'ಶುದ್ಧಿ' ಮಾಡಿದ್ರು. ದನದ ಗಂಜಲಕ್ಕಿಂತ ನಮ್ಮ ಬೊಗಸೆ ಕೀಳಾಯ್ತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ಯುನೆಸ್ಕೋ ಪಟ್ಟಿ ಸೇರಿದವು, 'ಪವಿತ್ರ' ಅನ್ನೋ ಪದದ ಜೊತೆಗೇ. ನನಗೂ ಹೆಮ್ಮೆ ಇದೆ. ಆ ಕಲ್ಲಿನಲ್ಲಿ ನಮ್ಮವರ ಬೆವರೂ ಇದೆ ಅಂತ ನಾನು ನಂಬಿದೀನಿ. ಪವಿತ್ರ ಅನ್ನೋದಾದ್ರೆ ಆ ಬೆವರನ್ನೂ ಸೇರಿಸಿ ಅನ್ನಿ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ ತಮ್ಮಾ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರೇ ಎಚ್ಚರಿಸಿದ್ರು, ರಾಜಕೀಯದಲ್ಲಿ ಭಕ್ತಿ ಸೇರಿದ್ರೆ ಅದು ಅಧಃಪತನದ ದಾರಿ ಅಂತ. ಪ್ರತಿಷ್ಠಾಪನೆ ಮಾಡಿದ್ರೆ ಒಂದು ಗೆರೆ ಎಳೀಬೇಕು. ಗೆರೆ ಎಳೆದ ಮೇಲೆ ಒಬ್ಬ ಒಳಗೆ, ಒಬ್ಬ ಹೊರಗೆ. ಕಿಡಿಗೇಡಿಗಳ ಭಯಕ್ಕೆ ಎಷ್ಟೋ ಊರಲ್ಲಿ ಅವರು ಈಗಾಗಲೇ ಕಬ್ಬಿಣದ ಜಾಲರಿಯೊಳಗೆ ನಿಂತಿದ್ದಾರೆ. ಮಂತ್ರದ ಜಾಲರಿಯನ್ನ ನಾವೇ ಹಾಕೋದು ಬೇಡ. ಅವರ ಕೈಯಲ್ಲಿರೋ ಪುಸ್ತಕದ ಹತ್ತಿರ ಯಾವ ಮಗು ಬೇಕಾದ್ರೂ ಹೋಗಿ ಮುಟ್ಟೋ ಹಾಗಿರಲಿ.

ಪತ್ರಿಕೆಯಲ್ಲಿ 'ಅನಾವರಣ' ಅಂತಲೇ ಇರಲಿ. ಪರದೆ ಎಳೆಯೋದು ಯಾವ ಶಾಸಕರೂ ಬೇಡ, ಸ್ವಾಮೀಜಿಯೂ ಬೇಡ. ನಮ್ಮಜ್ಜಿ ಎಳೀಲಿ. ಗರುಡಗಂಬದ ಆಚೆ ನಿಂತಿದ್ದವಳು ಈ ಸಲ ಎಲ್ಲರಿಗಿಂತ ಮುಂದೆ ನಿಲ್ಲಲಿ.

ಜೈ ಭೀಮ್.